ಮಲ್ಪೆಯಿಂದ ಮುಂಬಯಿಗೆ, ಲಾವಾ ಕಲ್ಲುಗಳ ಬೆನ್ನು ಹಿಡಿದು: ಮನೆಮಂದಿಯೊಂದಿಗೆ ಹತ್ತು ದಿನಗಳ ಕಾರು ಪ್ರವಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಜ್ವಾಲಾಮುಖಿ ನೋಡಬೇಕೆಂದು ಮಕ್ಕಳು ಹಟ ಹಿಡಿದರೆ ಅಪ್ಪ ಅಮ್ಮಂದಿರು ಪಾಸ್‌ಪೋರ್ಟ್ ಹುಡುಕತೊಡಗುತ್ತಾರೆ. ಉರಿಯುವ ಜ್ವಾಲಾಮುಖಿಯೇ ಬೇಕೆಂದರೆ ಭಾರತದಲ್ಲಿರುವುದು ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಅಲ್ಲಿಗೆ ಕಾರು ಹೋಗುವುದಿಲ್ಲ. ಆದರೆ ಆರಿದ ಲಾವಾ ಸಾಕೆಂದರೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಇರುವಷ್ಟು ಬೇರೆಡೆ ಸಿಗುವುದು ಅಪರೂಪ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು; ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು. ಕೊಂಕಣದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನದು, ಡೈನೋಸಾರ್‌ಗಳು ಅಳಿದ ಕಾಲದ್ದು. ಎರಡೂ ಬೇರೆ ಬೇರೆ ಸ್ಫೋಟಗಳು. ಇವೆರಡನ್ನೂ ಬಹುಪಾಲು ಸಮುದ್ರದ ಬದಿಯಲ್ಲೇ ಸಾಗುವ ಒಂದೇ ಹಾದಿಯಲ್ಲಿ ನೋಡಬಹುದು.

ನಾವು ಹೋದದ್ದು ಐವರು: ಕಾರು ಓಡಿಸಲು ಸರದಿ ಹಾಕಿಕೊಂಡ ನಾನು ಮತ್ತು ನನ್ನ ಗಂಡ, ಒಂಬತ್ತು ಮತ್ತು ಆರು ವರ್ಷದ ಮಕ್ಕಳು, ಮೊಣಕಾಲು ನೋವಿನ ಅತ್ತೆ. ಅತ್ತೆ ಕುಮಟೆಯವರು. ಅವರ ಕೊಂಕಣಿ ಮಹಾರಾಷ್ಟ್ರದ ಮಾಲವಣದ ತನಕ ನಮಗೆ ಊಟ, ದಾರಿ, ರಿಯಾಯಿತಿ ಎಲ್ಲವನ್ನೂ ಕೊಡಿಸಿತು.

ಹಂತ 1: ಮೊದಲು ಪಂಚಾಂಗ, ಆಮೇಲೆ ಹೋಟೆಲ್

ಈ ಪ್ರವಾಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ರಜೆ ನೋಡಿ ದಿನ ಗೊತ್ತುಮಾಡುತ್ತಾರೆ, ಕೊಠಡಿ ಕಾದಿರಿಸುತ್ತಾರೆ, ಮಹಾರಾಷ್ಟ್ರ ಕರಾವಳಿಯ ಹರಿಹರೇಶ್ವರಕ್ಕೆ ಹೋದರೆ ನೋಡಬೇಕಾದ ಕಲ್ಲೆಲ್ಲ ನೀರಿನಡಿ ಇರುತ್ತದೆ. ಲಾವಾ ಕಲ್ಲಿನ ಚೆಲುವೆಲ್ಲ ಇರುವುದು ಅಲೆ ಕೊರೆದ ದಡದಲ್ಲಿ. ಆ ದಡ ಬಯಲಾಗುವುದು ಇಳಿತದ ಹೊತ್ತಿನಲ್ಲಿ ಮಾತ್ರ.

ಇನ್ನೊಂದು ಸಂಗತಿ: ಉಬ್ಬರ ಇಳಿತಗಳ ಅಂತರ ಉತ್ತರಕ್ಕೆ ಹೋದಂತೆ ಹಿಗ್ಗುತ್ತದೆ. ಮಂಗಳೂರಿನ ಕಡೆ ಒಂದೂವರೆ ಮೀಟರಿನ ಆಸುಪಾಸಿನಲ್ಲಿರುವ ಏರಿಳಿತ ಮುಂಬಯಿ ಬಳಿ ದೊಡ್ಡ ದಿನಗಳಲ್ಲಿ ಐದು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಮಲ್ಪೆಯಲ್ಲಿ ಬೆಳೆದವರಿಗೆ ಅಲಿಬಾಗದ ಸಮುದ್ರ ಬೇರೆಯದೇ ಪ್ರಾಣಿಯಂತೆ ಕಾಣುತ್ತದೆ.

ಕೊಂಕಣದ ಬೆಸ್ತರಲ್ಲಿ ಒಂದು ಬಾಯಿಲೆಕ್ಕವಿದೆ. ಅಂದಿನ ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಪೂರ್ಣ ಉಬ್ಬರದ ಗಂಟೆ ಬರುತ್ತದೆ. ಚೌತಿಯೆಂದರೆ ನಾಲ್ಕು ಮುಕ್ಕಾಲು ಮೂರು, ಅಂದರೆ ಹಗಲು ಮತ್ತು ರಾತ್ರಿ ಮೂರರ ಸುಮಾರಿಗೆ ಉಬ್ಬರ. ಅದಕ್ಕೆ ಆರು ಗಂಟೆ ಕೂಡಿಸಿದರೆ ಬೆಳಿಗ್ಗೆ ಒಂಬತ್ತಕ್ಕೆ ಇಳಿತ. ಅಷ್ಟಮಿಗೆ ಆರು ಗಂಟೆಗೆ ಉಬ್ಬರ, ನಡುಮಧ್ಯಾಹ್ನ ಇಳಿತ. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗಬಹುದು, ಊರಿಂದೂರಿಗೂ ವ್ಯತ್ಯಾಸವಿದೆ. ಆದ್ದರಿಂದ ದಿನ ಆರಿಸಲು ಮಾತ್ರ ಇದನ್ನು ಬಳಸಿ. ಕಲ್ಲಿನ ಮೇಲೆ ಕಾಲಿಡುವ ಮುನ್ನ ಆಯಾ ಊರಿನ ಉಬ್ಬರದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಲೇಬೇಕು. ಅತ್ತೆಗೆ ಈ ಲೆಕ್ಕ ಎಷ್ಟು ಹಿಡಿಸಿತೆಂದರೆ, ಪ್ರವಾಸವಿಡೀ ಅವರೇ ನಮ್ಮ ವೇಳಾಧಿಕಾರಿ.

ನೀರು ಅತಿ ಹೆಚ್ಚು ಹಿಂದೆ ಸರಿಯುವುದು ಹುಣ್ಣಿಮೆ, ಅಮಾವಾಸ್ಯೆಗಳ ಒಂದೆರಡು ದಿನದ ನಂತರ. ಚೌತಿ, ಪಂಚಮಿಗಳ ಇಳಿತವೂ ಸಾಕಷ್ಟು ದೊಡ್ಡದು, ಬೆಳಗಿನ ಹಿತವಾದ ಹೊತ್ತಿಗೆ ಬೀಳುತ್ತದೆ. ಹಾಗಾಗಿ ಹರಿಹರೇಶ್ವರದಲ್ಲಿ ಚೌತಿ, ಅಲಿಬಾಗದಲ್ಲಿ ಪಂಚಮಿ ಬರುವಂತೆ ಹಿಂದಕ್ಕೆ ಎಣಿಸಿ. ದ್ವಾದಶಿಯಂದು ಮಲ್ಪೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಕೆಳಗಿನ ಯೋಜನೆಯೆಲ್ಲ ಅದರ ಮೇಲೆಯೇ ನಿಂತಿದೆ. ಪಕ್ಷದ ನಡುವೆ ತಿಥಿ ಲೋಪವೋ ವೃದ್ಧಿಯೋ ಇದ್ದರೆ ಒಂದು ದಿನ ಹೊಂದಿಸಿಕೊಳ್ಳಿ.

ತಿಂಗಳು? ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಮಲ್ಪೆಯ ದ್ವೀಪಕ್ಕೂ ಮಾಲವಣದ ಕೋಟೆಗೂ ದೋಣಿ ಇರುವುದಿಲ್ಲ. ಹಾಪುಸ್ ಮಾವಿನ ಆಸೆಗೆ ಏಪ್ರಿಲ್ ಕೊನೆಯಲ್ಲಿ ಹೋಗುವವರಿದ್ದಾರೆ. ಕರಿಕಲ್ಲಿನ ಮೇಲೆ ಆ ಬಿಸಿಲನ್ನು ನಾನಂತೂ ಆರು ವರ್ಷದ ಮಗುವಿಗೆ ತೋರಿಸಲಾರೆ. ಡಿಸೆಂಬರಿನ ಕೊನೆಯ ವಾರವನ್ನೂ ಬಿಟ್ಟುಬಿಡಿ. ಗೋವಾ ದಾಟಲು ಅರ್ಧ ದಿನ ಹೋಗುತ್ತದೆ.

ಹಂತ 2: ಕಾರು ಮತ್ತು ಸಾಮಾನು

ದೊಡ್ಡ ಕಾರು ಬೇಡ. ಕೊಂಕಣದ ಊರೊಳಗಿನ ರಸ್ತೆಗಳು ಎರಡು ಮುರಕಲ್ಲಿನ ಪಾಗಾರಗಳ ನಡುವೆ ನುಸುಳುತ್ತವೆ. ಎದುರಿನಿಂದ ಬಸ್ ಬಂದರೆ ಹಿಂದೆ ಸರಿಯಬೇಕಾದವರು ನೀವೇ. ಆದರೆ ಕಾರಿನ ಹೊಟ್ಟೆ ನೆಲದಿಂದ ತುಸು ಎತ್ತರದಲ್ಲಿರಲಿ. ಕಾರು ಸಮೇತ ಹೊಳೆ ದಾಟಿಸುವ ಫೇರಿಯ ಇಳಿಜಾರು ಹಲಗೆಯಲ್ಲಿ ತಗ್ಗಿನ ಕಾರುಗಳ ಬಂಪರ್ ಕೆರೆಯುತ್ತದೆ.

ವಿಮೆ, ಹೊಗೆ ತಪಾಸಣೆ ಪತ್ರ, ಫಾಸ್ಟ್ಯಾಗ್ ಸರಿಯಿವೆಯೇ ನೋಡಿ. ಮೂರು ರಾಜ್ಯ ದಾಟುತ್ತೀರಿ. ಹಳದಿ ಬೋರ್ಡಿನ ಬಾಡಿಗೆ ವಾಹನವಾದರೆ ಹೊರರಾಜ್ಯದ ಪರವಾನಗಿ ಮತ್ತು ತೆರಿಗೆಯನ್ನು ಮಾಲೀಕರಿಂದ ಮೊದಲೇ ಖಚಿತಪಡಿಸಿಕೊಳ್ಳಿ. ಗೋವಾದಿಂದ ಪರವಾನಗಿಯಿಲ್ಲದೆ ಮದ್ಯ ಕೊಂಡೊಯ್ಯಬೇಡಿ, ಗಡಿಯಲ್ಲಿ ಡಿಕ್ಕಿ ತೆರೆಸುತ್ತಾರೆ.

ಸಾಮಾನಿನಲ್ಲಿ ಮರೆಯಬಾರದ್ದು: ಅಡಿ ಜಾರದ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಎಲ್ಲರಿಗೂ (ಬರಿಗಾಲಿಗೆ ಕಲ್ಲಿನ ಮೇಲಿನ ಚಿಪ್ಪು ಬ್ಲೇಡಿನಂತೆ ತಾಗುತ್ತದೆ), ಚಿಲ್ಲರೆ ನಗದು, ಸಣ್ಣದೊಂದು ಭೂತಗನ್ನಡಿ, ವಾಂತಿಗೆ ಮಾತ್ರೆ ಮತ್ತು ಚೀಲ. ನಮ್ಮಲ್ಲಿ ಮೊದಲ ತಿರುವಿಗೇ ಚೀಲ ಬೇಕಾಯಿತು. ದಿನಕ್ಕೆ 150 ಕಿಲೋಮೀಟರ್ ಮೀರಬಾರದೆಂಬ ನಿಯಮ ಹಾಕಿಕೊಂಡೆವು. ಹೋಗುವಾಗ ಒಂದೇ ದಿನ ಮುರಿದೆವು.

ಹಂತ 3: ಮಕ್ಕಳಿಗೆ ನಾಲ್ಕು ಗುರುತು ಹೇಳಿಕೊಡಿ

ಹೊರಡುವ ಮುನ್ನ ಇಷ್ಟು ಹೇಳಿಕೊಟ್ಟರೆ ದಾರಿಯುದ್ದಕ್ಕೂ ಅವರೇ ಕಿಟಕಿಯಿಂದ ಕೂಗುತ್ತಾರೆ.

ಒಂದು, ಕಂಬ. ಕೆರೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ಅವರು ನೋಡಿರುತ್ತಾರೆ. ಲಾವಾ ಆರುವಾಗಲೂ ಹಾಗೆಯೇ ಕುಗ್ಗಿ ಬಿರಿಯುತ್ತದೆ. ಬಿರುಕು ಮೇಲಿನಿಂದ ಆಳಕ್ಕಿಳಿದಂತೆ ಐದು, ಆರು ಮುಖದ ಕಂಬಗಳಾಗುತ್ತವೆ. ಎರಡು, ತೂತು. ಲಾವಾದೊಳಗಿನ ಅನಿಲ ಗುಳ್ಳೆಗಳಾಗಿ ಮೇಲೇಳುವಾಗ ಕಲ್ಲು ಗಟ್ಟಿಯಾದರೆ ಇಡ್ಲಿಯ ಒಳಮೈಯಂತೆ ತೂತು ಉಳಿಯುತ್ತದೆ. ಮೂರು, ಬಿಳಿ ಚುಕ್ಕಿ. ಆ ತೂತುಗಳಲ್ಲಿ ಆಮೇಲೆ ನೀರು ಹರಿದು ಜಿಯೋಲೈಟ್‌ನಂಥ ಬಿಳಿ ಖನಿಜ ತುಂಬಿಕೊಳ್ಳುತ್ತದೆ. ಭೂತಗನ್ನಡಿ ಇದಕ್ಕೇ. ನಾಲ್ಕು, ಕೆಂಪು ಗೆರೆ. ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಬಿಡುವಿದ್ದಾಗ ಮೇಲ್ಮೈ ಮಣ್ಣಾಗತೊಡಗಿತ್ತು. ಮುಂದಿನ ಹರಿವು ಅದರ ಮೇಲೆ ಬಂದು ಕೂತಿತು. ರಸ್ತೆಗೆ ಕಡಿದ ಗುಡ್ಡದಲ್ಲಿ ಕರಿಕಲ್ಲಿನ ನಡುವೆ ಕೆಂಪು ಪಟ್ಟಿ ಕಂಡರೆ ಅದೇ.

‘ಶಂಕುವಿನಂಥ ಬೆಟ್ಟ ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೊಂಕಣದ ಕಪ್ಪು ಕಲ್ಲೂ ಸೇರಿದ ದಖ್ಖನಿನ ಲಾವಾ ಹೆಚ್ಚಾಗಿ ಉಕ್ಕಿದ್ದು ಶಿಖರದ ಬಾಯಿಯಿಂದಲ್ಲ, ನೆಲ ಸೀಳಿದ ಉದ್ದುದ್ದ ಬಿರುಕುಗಳಿಂದ. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಅದರಡಿ ಇದೆ. ಇದನ್ನು ಉಗುಳಿದ ಬಿಸಿತಾಣ, ಅಂದರೆ ಭೂಮಿಯಾಳದಿಂದ ಶಾಖ ಮೇಲೇಳುವ ಜಾಗ, ಇಂದು ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಡಿ ಇನ್ನೂ ಉರಿಯುತ್ತಿದೆ. ಒಲೆ ಅಲ್ಲೇ ಉಳಿಯಿತು, ಭಾರತ ಉತ್ತರಕ್ಕೆ ಜಾರಿತು.

ಹಂತ 4: ಮಲ್ಪೆಯಿಂದ ಕಾರವಾರ (ದ್ವಾದಶಿ, ತ್ರಯೋದಶಿ)

ಹಿಂದಿನ ರಾತ್ರಿಯೇ ಉಡುಪಿ ಸೇರಿಕೊಳ್ಳಿ. ದ್ವೀಪಕ್ಕೆ ದಿನದ ಮೊದಲ ದೋಣಿ ಹಿಡಿಯಿರಿ. ಹತ್ತೂವರೆಯ ನಂತರ ಅಲ್ಲಿ ಕಲ್ಲಿಗಿಂತ ಸೆಲ್ಫಿ ಕೋಲುಗಳೇ ಹೆಚ್ಚು. ಮೀನುಗಾರರಿಗೆ ಇದು ತೋನ್ಸೆಪಾರ್. ಸೇಂಟ್ ಮೇರಿ ಎಂಬ ಹೆಸರು 1498ರಲ್ಲಿ ಬಂದ ವಾಸ್ಕೋ ಡ ಗಾಮನಿಂದ ಬಂತೆಂದು ಪ್ರತೀತಿ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ದೋಣಿ ಇಳಿಯುವಾಗ ಮೊಣಕಾಲಿನವರಿಗೆ ಕಷ್ಟ; ಅತ್ತೆಯನ್ನು ಇಬ್ಬರು ಹುಡುಗರು ಕೈಹಿಡಿದು ಇಳಿಸಿದರು. ಇಲ್ಲಿನ ಕಲ್ಲು ಬಸಾಲ್ಟ್ ಎಂಬ ಕೊಂಕಣದ ಕಪ್ಪು ಲಾವಾ ಕಲ್ಲಲ್ಲ, ಅದಕ್ಕಿಂತ ಸಿಲಿಕಾ ಹೆಚ್ಚಿರುವ ಬೇರೆ ಜಾತಿಯ ಲಾವಾ. ಕಂಬಗಳ ತಲೆಯನ್ನು ಮೇಲಿನಿಂದ ನೋಡಿದರೆ ಜೇನುಗೂಡು. ಈಜು ಬೇಡ, ಬಂಡೆಗಳ ನಡುವಿನ ಸೆಳೆತ ಕಣ್ಣಿಗೆ ಕಾಣುವುದಿಲ್ಲ.

ಮಧ್ಯಾಹ್ನ ಮರವಂತೆಯ ಮೇಲೆ, ಒಂದು ಕಡೆ ಸೌಪರ್ಣಿಕಾ ಇನ್ನೊಂದು ಕಡೆ ಕಡಲು ನೋಡುತ್ತ, ಮುರ್ಡೇಶ್ವರಕ್ಕೆ ನೂರು ಕಿಲೋಮೀಟರ್. ರಾತ್ರಿ ಅಲ್ಲಿಯೇ.

ಮರುದಿನ ಕುಮಟಾ ತಾಲ್ಲೂಕಿನ ಯಾಣ. ಇಲ್ಲಿ ಮಕ್ಕಳನ್ನು ಬೇಕೆಂದೇ ಏಮಾರಿಸಬಹುದು. 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಭಸ್ಮಾಸುರ ಉರಿದು ಬೂದಿಯಾದ ಕಥೆ. ಎಲ್ಲವೂ ಜ್ವಾಲಾಮುಖಿಯೆಂದೇ ಹೇಳುತ್ತವೆ. ಆದರೆ ಇದು ಸುಣ್ಣಕಲ್ಲು, ನೀರು ಕರಗಿಸಿ ಕೆತ್ತಿದ್ದು. ನಾಲ್ಕು ಗುರುತುಗಳಲ್ಲಿ ಒಂದೂ ಸಿಗುವುದಿಲ್ಲ. ಮಗಳು ಕಾಲು ಗಂಟೆ ಹುಡುಕಿ ‘ಇದು ಸುಳ್ಳು ಲಾವಾ’ ಎಂದು ತೀರ್ಪಿತ್ತಳು. ‘ಸೊಕ್ಕಿದ್ದವರಿಗೆ ಯಾಣ, ರೊಕ್ಕಿದ್ದವರಿಗೆ ಗೋಕರ್ಣ’ ಎಂಬ ಮಾತನ್ನು ಅತ್ತೆ ಮೆಟ್ಟಿಲ ಬುಡದಲ್ಲಿ ಕೂತು ನೆನಪಿಸಿದರು. ಈಗ ಸಮೀಪದವರೆಗೂ ರಸ್ತೆ ಇರುವುದರಿಂದ ಸೊಕ್ಕು ಅಷ್ಟೇನೂ ಬೇಕಿಲ್ಲ. ಸಂಜೆಗೆ ಕಾರವಾರ.

ಹಂತ 5: ಗೋವಾ ದಾಟಿ ಮಾಲವಣ (ಚತುರ್ದಶಿ, ಹುಣ್ಣಿಮೆ)

ಇನ್ನೂರು ಕಿಲೋಮೀಟರ್ ಮೀರುವ ದಿನ ಇದೇ. ಬೆಳಿಗ್ಗೆ ಆರಕ್ಕೆ ಕಾಳಿ ಸೇತುವೆ ದಾಟಿ. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ನೆನಪಿರಬಹುದು. ಗೋವಾ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ಲಾವಾ ಹುಡುಕುವವರಿಗೆ ಅದರ ಕರಾವಳಿಯಲ್ಲಿ ಕೆಲಸವಿಲ್ಲ. ತಿಂಡಿ ತಿಂದು ಮುಂದೆ ಹೋಗಿ.

ಮಾಲವಣದಲ್ಲಿ ಎರಡು ರಾತ್ರಿ ಇರಿ. ಮೂರನೆಯ ದಿನಕ್ಕೆ ಮಕ್ಕಳಿಗೆ ಕಾರಿನ ವಾಸನೆಯೇ ಸಾಕಾಗಿರುತ್ತದೆ. ಕುರ್ಟೆ ದ್ವೀಪದ ಮೇಲೆ ಶಿವಾಜಿ 1664ರಲ್ಲಿ ಕಟ್ಟಿಸಲು ತೊಡಗಿದ ಸಿಂಧುದುರ್ಗಕ್ಕೆ ಜೆಟ್ಟಿಯಿಂದ ದೋಣಿ. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಬಾವಿಗಳು. ಮಿಕ್ಕ ಹೊತ್ತು ತಾರ್ಕರ್ಲಿಯ ಮರಳಲ್ಲಿ.

ಮರಳಿನ ಬಗ್ಗೆ ಒಂದು ಮಾತು. ಕಾರನ್ನು ದಡದ ಮೇಲೆ ಇಳಿಸಬೇಡಿ. ಬೇರೆ ಕಾರುಗಳ ಚಕ್ರದ ಗುರುತು ಕಂಡು ನಾವು ಒಂದು ಕಡೆ ಇಳಿಸಿದೆವು. ಐದೇ ನಿಮಿಷ, ಹಿಂದಿನ ಚಕ್ರ ಅರ್ಧ ಹೂತಿತ್ತು, ಸಾಲದ್ದಕ್ಕೆ ನೀರು ಏರುತ್ತಿತ್ತು. ಬಲೆ ಒಣಗಿಸುತ್ತಿದ್ದವರು ಬಂದು ಚಕ್ರದ ಗಾಳಿ ಇಳಿಸಿ, ಅಡಿಗೆ ತೆಂಗಿನ ಗರಿ ಹಾಕಿ, ನೂಕಿ ಮೇಲೆ ತಂದರು. ಕೊಟ್ಟ ಹಣ ಮುಟ್ಟಲಿಲ್ಲ, ಚಹಾ ಕುಡಿದರು. ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಹೋಗುತ್ತೀರಿ. ಕೂಡಲೇ ಎಂಜಿನ್ ನಿಲ್ಲಿಸಿ, ಜನ ಕರೆಯಿರಿ.

ಹಂತ 6: ಕೆಂಪು ಕಲ್ಲಿನ ಬಯಲು, ಕಪ್ಪು ಕಲ್ಲಿನ ಬಿರುಕು (ಪಾಡ್ಯ, ಬಿದಿಗೆ)

ಮಾಲವಣದಿಂದ ಉತ್ತರಕ್ಕೆ ಹೋದಂತೆ ನೆಲ ಬದಲಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಒಳನಾಡಿಗೆ ಹೊರಳುತ್ತದೆ. ನೀವು ದೇವಗಡ, ವಿಜಯದುರ್ಗದ ಕರಾವಳಿ ರಸ್ತೆಯನ್ನೇ ಹಿಡಿಯಿರಿ. ಗುಡ್ಡದ ನೆತ್ತಿ ಮೇಜಿನಂತೆ ಸಪಾಟು, ಬಣ್ಣ ತುಕ್ಕು ಕೆಂಪು. ನಮ್ಮ ಮುರಕಲ್ಲು, ಉತ್ತರ ಕನ್ನಡದವರ ಚಿರೇಕಲ್ಲು. ಇಲ್ಲಿಯವರ ಬಾಯಲ್ಲಿ ‘ಜಾಂಭಾ’. ಮಳೆ ಮತ್ತು ಬಿಸಿಲು ಸೇರಿ ಲಕ್ಷಾಂತರ ವರ್ಷಗಳಲ್ಲಿ ಬಸಾಲ್ಟಿನ ಮೇಲ್ಪದರವನ್ನೇ ಹೀಗೆ ಕೊಳೆಸಿ ಕೆಂಪಾಗಿಸಿವೆ. ಕೆಂಪು ಟೋಪಿ, ಕಪ್ಪು ಮೈ.

ಈ ಟೋಪಿಯ ಮೇಲೆ ಹಿಂದಿನ ಮನುಷ್ಯರು ಚಿತ್ರ ಕೊರೆದಿದ್ದಾರೆ. ರಾಜಾಪುರ ತಾಲ್ಲೂಕಿನ ಕಶೇಳಿಯಲ್ಲಿ ಸುಮಾರು 18 ಮೀಟರಿನ ಆನೆ, ಅದರ ಹೊಟ್ಟೆಯೊಳಗೆ ಬೇರೆ ಪ್ರಾಣಿಗಳು. ಇಂಥ ‘ಕಾತಳಶಿಲ್ಪ’ಗಳು 2022ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ, ಅಂದರೆ ಸಂಜೆ ನಾಲ್ಕರ ನಂತರ, ಹೋಗಿ. ನೆತ್ತಿಯ ಬಿಸಿಲಲ್ಲಿ ಗೆರೆಗಳೇ ಕಾಣುವುದಿಲ್ಲ. ಕೊರೆದ ಗೆರೆಯ ಮೇಲೆ ನಡೆಯಬೇಡಿ, ಕಲ್ಲು ಪುಡಿಯಾಗುತ್ತದೆ. ರಾತ್ರಿ ರತ್ನಾಗಿರಿ ದಾಟಿ ಗಣಪತಿಪುಳೆ. ಅಲ್ಲಿನ ಉಕಡೀಚೆ ಮೋದಕ ನಮ್ಮ ಹಬೆಯಲ್ಲಿ ಬೆಂದ ಕಡುಬೇ. ಸಮುದ್ರ ಮಾತ್ರ ಮೋಸದ್ದು, ಮೊಣಕಾಲು ಮೀರಿ ಇಳಿಯಬೇಡಿ.

ಬಿದಿಗೆಯ ಬೆಳಿಗ್ಗೆ ಜಯಗಡದಿಂದ ತವಸಾಳಕ್ಕೆ ಮೊದಲ ಫೇರಿ. ಕಾರು ಸಮೇತ ಹೊಳೆ ದಾಟುವುದು ಸಿಗಂದೂರಿನ ಲಾಂಚ್ ಹತ್ತಿದವರಿಗೆ ಹೊಸದೇನಲ್ಲ. ಅಲ್ಲಿ 2025ರಲ್ಲಿ ಸೇತುವೆಯಾಯಿತು. ಆ ಸುಖ ತಪ್ಪಿತೆಂದು ಬೇಸರವಿದ್ದವರಿಗೆ ಈ ದಾರಿಯಲ್ಲಿ ನಾಲ್ಕು ಫೇರಿಗಳಿವೆ: ಇದು, ಧೋಪಾವೆಯಿಂದ ದಾಭೋಳ, ವೇಶ್ವಿಯಿಂದ ಬಾಗಮಾಂಡಲಾ, ದಿಘಿಯಿಂದ ಆಗರದಾಂಡಾ. ಹತ್ತಿಸುವಾಗ ಮನೆಮಂದಿಯನ್ನೆಲ್ಲ ಇಳಿಸಿ ನಡೆಸಿ, ಚಾಲಕ ಒಬ್ಬರೇ ಇರಲಿ. ಮೊದಲ ಗೇರಿನಲ್ಲಿ ನಿಧಾನ, ಕೂಗುವವರ ಕೈ ಸನ್ನೆ ನೋಡಿ, ಒಳಗೆ ನಿಂತ ಮೇಲೆ ಹ್ಯಾಂಡ್‌ಬ್ರೇಕ್. ಇಳಿತದಲ್ಲಿ ಹಲಗೆ ಕಡಿದಾಗಿರುತ್ತದೆ. ಕತ್ತಲಿಗೆ ಮುನ್ನವೇ ದಾಟಿ ಮುಗಿಸಿ, ಕೊನೆಯ ಫೇರಿಯನ್ನು ನಂಬಿ ಯೋಜನೆ ಹಾಕಬೇಡಿ.

ತವಸಾಳದಿಂದ ಹೆದವಿ ಹತ್ತಿರ. ಮಧ್ಯಾಹ್ನ ಒಂದೂವರೆಗೆ ಅಲ್ಲಿರಬೇಕು. ಲೆಕ್ಕ ನೆನಪಿದೆಯೇ? ಬಿದಿಗೆ, ಎರಡು ಮುಕ್ಕಾಲು ಒಂದೂವರೆ. ಇಲ್ಲಿ ಬೇಕಾದದ್ದು ಇಳಿತವಲ್ಲ, ಉಬ್ಬರ. ದಡದ ಕರಿಕಲ್ಲಿನಲ್ಲಿ ಬಾಮಣಘಳ ಎಂಬ ಇಕ್ಕಟ್ಟಾದ ಸೀಳಿದೆ. ಉಬ್ಬರದ ಅಲೆ ಅದರೊಳಗೆ ನುಗ್ಗಿ, ಹೋಗಲು ದಾರಿಯಿಲ್ಲದೆ ಗುಡುಗುತ್ತ ಮೇಲಕ್ಕೆ ಚಿಮ್ಮುತ್ತದೆ. ಮಗ ಕಿವಿ ಮುಚ್ಚಿಕೊಂಡು ನಕ್ಕ. ಸೀಳಿನ ಅಂಚಿಗೆ ಯಾರನ್ನೂ ಬಿಡಬೇಡಿ. ಒದ್ದೆಯಾದ ಕಲ್ಲು ಎಲ್ಲಿಯವರೆಗೆ ಇದೆಯೋ ಅಲ್ಲಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲುವುದು ನಮ್ಮ ನಿಯಮವಾಗಿತ್ತು. ರಾತ್ರಿ ಗುಹಾಗರ.

ಹಂತ 7: ಹರಿಹರೇಶ್ವರ (ತದಿಗೆಯ ಸಂಜೆ, ಚೌತಿಯ ಬೆಳಿಗ್ಗೆ)

ತದಿಗೆಯಿಡೀ ಎರಡು ಫೇರಿ, ಅಂಕುಡೊಂಕು ರಸ್ತೆ, ದಾರಿಯಲ್ಲಿ ಹರ್ಣೈ ಬಂದರಿನ ಮೀನು ಹರಾಜು. ಬಿಸಿನೀರಿನ ಬುಗ್ಗೆ ಬೇಕಿದ್ದವರು ದಾಪೋಲಿ ಕಡೆಯ ಉನ್ಹವರೆಗೆ ಹೊರಳಬಹುದು. ಪುತ್ತೂರಿನ ಬೆಂದ್ರ್ ತೀರ್ಥ ಕಂಡವರು ಇದನ್ನೂ ನೋಡಿ. ಇದರ ಬಿಸಿ ಹಳೆಯ ಜ್ವಾಲಾಮುಖಿಯದಲ್ಲ, ಬಿರುಕಿನಲ್ಲಿ ಆಳಕ್ಕಿಳಿದ ನೀರು ಅಲ್ಲಿನ ಶಾಖ ಹೊತ್ತು ಮೇಲೆ ಬರುತ್ತದೆ. ನಾವು ಹೊರಳಲಿಲ್ಲ.

ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಅವಕಾಶವಿದ್ದರೆ ನಾನು ಹರಿಹರೇಶ್ವರ ಆರಿಸುತ್ತೇನೆ. ದೇವಸ್ಥಾನದ ಪ್ರದಕ್ಷಿಣೆಯ ಹಾದಿಯೇ ಸಮುದ್ರದ ಮೇಲಿದೆ: ಬಂಡೆ ಸೀಳಿದ ಇಕ್ಕಟ್ಟಿನ ಮೆಟ್ಟಿಲಿಳಿದರೆ ಅಲೆಗಳು ಸಾವಿರಾರು ವರ್ಷ ಸವೆಸಿ ಸಪಾಟು ಮಾಡಿದ ಬಸಾಲ್ಟಿನ ಜಗಲಿ. ಗೋಡೆಯ ಕಲ್ಲನ್ನು ಉಪ್ಪು ತಿಂದು ಜೇನುಹುಟ್ಟಿನಂತೆ ಗೂಡು ಗೂಡಾಗಿಸಿದೆ. ತೂತು, ಬಿಳಿ ಚುಕ್ಕಿ, ಗುಂಡಿಗಳಲ್ಲಿ ಸಿಕ್ಕಿಕೊಂಡ ಏಡಿ. ಉಬ್ಬರದಲ್ಲಿ ಈ ಪ್ರದಕ್ಷಿಣೆ ಸಾಧ್ಯವೇ ಇಲ್ಲ.

ಕ್ರಮ ಹೀಗಿರಲಿ. ವೇಳಾಪಟ್ಟಿಯ ಇಳಿತಕ್ಕೆ ಒಂದು ಗಂಟೆ ಮೊದಲು ಇಳಿಯಿರಿ, ಇಳಿತದ ಹೊತ್ತಿಗೆ ಹೊರಟುಬಿಡಿ. ನೀರು ತಿರುಗಿದ ಮೇಲೆ ಅಲ್ಲಿ ಇರಬಾರದು. ಇಳಿಯುವ ಮುನ್ನ ದೇವಸ್ಥಾನದವರನ್ನು ಕೇಳಿ. ಅವರು ಬೇಡವೆಂದರೆ ಬೇಡ. ಇಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಪಾಚಿಯ ಹಸಿರು ಕಂಡಲ್ಲಿ ಕಾಲಿಡಬೇಡಿ. ಮಕ್ಕಳ ಕೈ ಬಿಡಬೇಡಿ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆಯಬೇಡಿ. ಅತ್ತೆ ಮೆಟ್ಟಿಲಿನ ಮೇಲ್ತುದಿಯಲ್ಲೇ ಕೂತು, ನಾವು ಅರ್ಧ ದಾರಿಯಲ್ಲಿದ್ದಾಗಲೇ ಫೋನ್ ಮಾಡಿ ‘ಒಂಬತ್ತಾಯಿತು, ಮೇಲೆ ಬನ್ನಿ’ ಎಂದರು. ಬಿಳಿ ಹರಳಿದ್ದ ತುಣುಕೊಂದನ್ನು ಮಗಳು ಜೇಬಿಗೆ ಹಾಕಿಕೊಂಡಿದ್ದಳು. ಅಲ್ಲಿಯೇ ಇಡಿಸಿ ಬಂದೆವು, ಅಳು ದಿಘಿ ಫೇರಿಯವರೆಗೂ ಇತ್ತು.

ಹಂತ 8: ಜಂಜೀರಾ, ಅಲಿಬಾಗ, ಮುಂಬಯಿ (ಚೌತಿ ಮಧ್ಯಾಹ್ನ, ಪಂಚಮಿ, ಷಷ್ಠಿ)

ರಾಜಪುರಿಯಿಂದ ದೋಣಿಯಲ್ಲಿ ಜಂಜೀರಾ. ಮರಾಠರಿಗೆ ಎಂದೂ ದಕ್ಕದ ಸಿದ್ದಿಗಳ ಕೋಟೆ. ದೋಣಿ ನೇರ ಬಾಗಿಲ ಮೆಟ್ಟಿಲಿಗೆ ತಾಗುತ್ತದೆ, ಅಲೆಯಿದ್ದರೆ ಹಾರಿ ಇಳಿಯಬೇಕು. ಅತ್ತೆಯನ್ನು ದಡದಲ್ಲಿ ಎಳನೀರಿನೊಂದಿಗೆ ಬಿಟ್ಟೆವು. ರಾತ್ರಿ ಮುರುಡ.

ಪಂಚಮಿಯ ಬೆಳಿಗ್ಗೆ ಏಳಕ್ಕೇ ಹೊರಡಿ. ದಾರಿಯಲ್ಲಿ ಕೊರಲೈ, ಪೋರ್ಚುಗೀಸ್ ಬೆರೆತ ತಮ್ಮದೇ ನುಡಿಯನ್ನು ಇಂದಿಗೂ ಆಡುವವರ ಊರು. ಒಂಬತ್ತೂವರೆಗೆ ಅಲಿಬಾಗದ ದಡದಲ್ಲಿದ್ದರೆ ಕೊಲಾಬಾ ಕೋಟೆಗೆ ಸಮುದ್ರದ ತಳದ ಮೇಲೆ ನಡೆದೇ ಹೋಗಬಹುದು. ಅತ್ತೆ ಕುದುರೆಗಾಡಿಯಲ್ಲಿ ಹೋದರು, ನಮಗಿಂತ ಮೊದಲು ತಲುಪಿದರು.

ಮಧ್ಯಾಹ್ನ ಮಾಂಡ್ವಾದಿಂದ ಮುಂಬಯಿಗೆ ಕಾರು ಒಯ್ಯುವ ದೊಡ್ಡ ಹಡಗು. ಸುಮಾರು ಒಂದು ಗಂಟೆಯ ಪಯಣ, ಮುಂಗಡ ಕಾದಿರಿಸಬೇಕು. ಪೆಣ್ ಸುತ್ತಿ ಹೋಗುವ ದಟ್ಟಣೆಗಿಂತ ಇದರ ಟಿಕೆಟ್ ಹಣ ಸಾರ್ಥಕ.

ಷಷ್ಠಿಯ ಬೆಳಿಗ್ಗೆ ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್. ಕಟ್ಟಡಗಳ ನಡುವೆ ಒಮ್ಮೆಗೇ ಎದ್ದು ನಿಂತ, ಸುಮಾರು 60 ಮೀಟರಿನ ಬಸಾಲ್ಟ್ ಕಂಬಗಳ ಕಟ್ಟು. ಆರು ಕೋಟಿ ವರ್ಷಕ್ಕೂ ಹಳೆಯದು. ಮೇಲೆ ಗಾಂವದೇವಿಯ ಗುಡಿ, ಹತ್ತಲು ಮೆಟ್ಟಿಲು. ಸುತ್ತಲಿನ ಗಲ್ಲಿಗಳಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ರಿಕ್ಷಾದಲ್ಲಿ ಹೋಗಿ. ಮಲ್ಪೆಯಲ್ಲಿ ಕಂಬಗಳ ತಲೆಯ ಮೇಲೆ ಕುಣಿದಿದ್ದ ಮಗ ಇಲ್ಲಿ ಕುತ್ತಿಗೆ ಹಿಂದಕ್ಕೆ ಬಾಗಿಸಿ ‘ಇದು ಅದರ ಅಪ್ಪ’ ಎಂದ. ವಯಸ್ಸಿನಲ್ಲಿ ಮಲ್ಪೆಯದೇ ದೊಡ್ಡದೆಂದು ಅಕ್ಕ ತಿದ್ದಿದಳು. ಜಗಳ ಮಾಟುಂಗಾದ ಉಡುಪಿ ಹೋಟೆಲಿನ ಇಡ್ಲಿ ಬರುವವರೆಗೂ ನಡೆಯಿತು.

ಹಂತ 9: ಮರಳುವ ದಾರಿ

ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಹೆದ್ದಾರಿ 48 ಹಿಡಿದು ಎರಡು ದಿನ. ಘಾಟಿ ಹತ್ತುವಾಗ ಎದುರಿನ ಬೆಟ್ಟ ನೋಡಿ: ಮೆಟ್ಟಿಲು ಮೆಟ್ಟಿಲಾಗಿ ಒಂದರ ಮೇಲೊಂದು ಲಾವಾ ಹರಿವು. ಈ ಕಲ್ಲಿಗೆ ‘ಟ್ರ್ಯಾಪ್’ ಎಂಬ ಹೆಸರು ಬಂದದ್ದೇ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಕೊನೆಗೆ ಅದೇ ಕಲ್ಲು ಪುಡಿಯಾಗಿ ಎರೆ ಮಣ್ಣಾಗಿದೆ. ಬೆಳಗಾವಿ ಕಡೆಯ ಹೊಲಗಳಲ್ಲಿ ಕಾರು ನಿಲ್ಲಿಸಿ ಒಂದು ಹಿಡಿ ತೋರಿಸಿ. ಜೋಳದ ರೊಟ್ಟಿ ಯಾವ ಲಾವಾದಿಂದ ಬರುತ್ತದೆಂದು ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

ಮನೆ ಸೇರಿದ ಮರುದಿನವೇ ಕಾರಿನ ತಳವನ್ನು ಸಿಹಿನೀರಿನಲ್ಲಿ ತೊಳೆಸಿ. ನಾಲ್ಕು ಫೇರಿಗಳ ಉಪ್ಪು ಅಡಿಗೆ ಹತ್ತಿರುತ್ತದೆ, ಒಂದು ತಿಂಗಳು ಬಿಟ್ಟರೆ ತುಕ್ಕು. ಹಿಂದಿನ ಸೀಟಿನಡಿಯ ಮರಳು ಮಾತ್ರ ಎಷ್ಟು ತೊಳೆಸಿದರೂ ಹೋಗುವುದಿಲ್ಲ. ನಮ್ಮ ಕಾರಿನಲ್ಲಿ ಇನ್ನೂ ಇದೆ.